ಇಪ್ಪತ್ತು ನಿಮಿಷ ಮುಂದೆ

ಗಡಿಯಾರಕ್ಕೆ ಖರ್ಚಿಲ್ಲ, ಅದು ಅತ್ತೆಯದು. ಹೊಸ ಪಟ್ಟಿಗೆ ನೂರಿಪ್ಪತ್ತು, ಮಣಿಸರಕ್ಕೆ ನಲವತ್ತು, ಬೆಳ್ಳಿಯಂತೆ ಹೊಳೆಯುವ ಬ್ರೇಸ್‌ಲೆಟ್ಟಿಗೆ ತೊಂಬತ್ತು. ಒಟ್ಟು ಇನ್ನೂರೈವತ್ತು. ಇಷ್ಟರಲ್ಲಿ ಒಂದು ಕೈಯನ್ನು ಸಿಂಗರಿಸಬಹುದೆಂದು ಮಗಳು ಹೇಳಿದಾಗ ಅವಳು ನಂಬಿರಲಿಲ್ಲ.

"ಅಮ್ಮಾ, ಕೈ ಸಡಿಲ ಬಿಡು. ಇಂಜೆಕ್ಷನ್ ಕೊಡ್ತಿಲ್ಲ ನಾನು." ಮಗಳು ತಾಯಿಯ ಮಣಿಕಟ್ಟನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. "ವಾಚು ಬಿಳಿ, ಅದಕ್ಕೆ ಹಳದಿ ಸೇರಿಸಬಾರದು. ಒಂದು ಅಗಲದ್ದು, ಒಂದು ತೆಳ್ಳಂದು, ಸಾಕು. ನಡುವೆ ಮಣಿ ಇರಬೇಕು, ಇಲ್ದಿದ್ರೆ ಬ್ರೇಸ್‌ಲೆಟ್ ಉಜ್ಜಿ ವಾಚಿಗೆ ಗೀರು ಬೀಳತ್ತೆ."

"ಇಷ್ಟೆಲ್ಲ ಯಾರೇ ಹೇಳ್ಕೊಟ್ಟಿದ್ದು?"

"ದುಡ್ಡಿಲ್ದೋರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ."

ಬ್ರೇಸ್‌ಲೆಟ್ಟಿಗೆ ಕೊಕ್ಕೆ ಇರಲಿಲ್ಲ. ಎರಡು ತುದಿ ಹತ್ತಿರ ತಂದರೆ ಟಕ್ಕೆಂದು ತಾವೇ ಅಂಟಿಕೊಳ್ಳುತ್ತಿದ್ದವು. "ಒಂದೇ ಕೈಲಿ ಹಾಕ್ಕೋಬಹುದು. ಬೆಳಿಗ್ಗೆ ನನ್ನ ಎಬ್ಬಿಸ್ಬೇಡ," ಎಂದಳು ಮಗಳು.

ತಾಯಿ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದಳು. ಹೊಸದಾಗಿ ಬಂದ ಡಾಕ್ಟರಮ್ಮ ಒಂದು ದಿನ ಮೆತ್ತಗೆ ಹೇಳಿದ್ದರು: "ಬಂದವರಿಗೆ ಮೊದಲು ಕಾಣೋದು ನಿಮ್ಮ ಕೈ. ಸ್ವಲ್ಪ ನೀಟಾಗಿರಲಿ." ಪಾತ್ರೆ ತಿಕ್ಕಿ ತಿಕ್ಕಿ ಬಿರಿದ ಕೈ ಅದು. ಮೆತ್ತಗೆ ಹೇಳಿದ್ದರಿಂದ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಈಗ ಸಿಂಗರಿಸಿಕೊಂಡು ಹೋದ ದಿನ ಡಾಕ್ಟರಮ್ಮ "ಚೆನ್ನಾಗಿದೆ" ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ಇನ್ನೊಂದು ಶುರುವಾಯಿತು.

ಅತ್ತೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗದ ಮುಂದೆ ನಿಂತವರು. ಕಾಲು ಸೋತು ಹಾಸಿಗೆ ಹಿಡಿದ ದಿನ ಕೀಲಿ ಕೊಡುವ ಆ ಹಳೇ ಗಡಿಯಾರವನ್ನು ಬಿಚ್ಚಿ ಸೊಸೆಗೆ ಕೊಟ್ಟಿದ್ದರು. "ನಂಗಿನ್ನು ಯಾತಕ್ಕೆ? ಗಂಟೆ ಬೇಕಂದ್ರೆ ನಿನ್ನ ಕೇಳ್ತೀನಿ." ಅಂದಿನಿಂದ ಮನೆಗೆಲ್ಲ ಅವಳ ಕೈಯೇ ಗಡಿಯಾರ. ಮೊಬೈಲುಗಳಿದ್ದವು, ಒಂದು ಮಗಳ ದಿಂಬಿನಡಿ, ಇನ್ನೊಂದು ರಾತ್ರಿ ಪಾಳಿ ಮುಗಿಸಿ ಬಂದು ಮುಸುಕೆಳೆದ ಗಂಡನ ಜೇಬಿನಲ್ಲಿ. ಹಿಟ್ಟಿನ ಕೈಯವಳು ಅವನ್ನೆಲ್ಲಿ ಹುಡುಕಿಯಾಳು?

ಆ ವಾರ ಬಸ್ಸು ಇದ್ದಕ್ಕಿದ್ದಂತೆ ಖಾಲಿಯಿತ್ತು, ಕೂರಲು ಸೀಟು ಸಿಕ್ಕಿತು. ಆಸ್ಪತ್ರೆಯ ಬೀಗ ತೆಗೆದು ನೋಡಿದರೆ ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತು, ಅವಳದರಲ್ಲಿ ಎಂಟೂವರೆ. ಸರಿ ಮಾಡಿಕೊಂಡಳು. ಮರುದಿನ ಬೆಳಗಾಗುವಷ್ಟರಲ್ಲಿ ಅದು ಮತ್ತೆ ಇಪ್ಪತ್ತು ನಿಮಿಷ ಮುಂದೆ ಓಡಿತ್ತು.

ಆಸ್ಪತ್ರೆಯಲ್ಲಿ ಅಷ್ಟು ಬೇಗ ಮಾಡಲು ಕೆಲಸವಿರಲಿಲ್ಲ. ಅವಳು ಸುಮ್ಮನೆ ಒಳಗೆ ಹೋಗಿ ರೋಗಿಗಳನ್ನು ಮಲಗಿಸುವ ಉದ್ದನೆಯ ಕುರ್ಚಿಯಲ್ಲಿ ಕಾಲು ಚಾಚಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅಮ್ಮಾ ಎಂದು ಯಾರೂ ಕರೆಯಲಿಲ್ಲ, ನನ್ನ ಅಂಗಿ ಎಲ್ಲಿ ಎನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಆ ಕುರ್ಚಿಯಲ್ಲಿ ಮಲಗಿದವಳು ಅವಳೊಬ್ಬಳೇ ಇರಬೇಕು. ಮದುವೆಯಾಗಿ ಹತ್ತೊಂಬತ್ತು ವರ್ಷ. ಹಗಲು ಹೊತ್ತು ಬೆನ್ನು ನೆಲ ಕಂಡದ್ದು ಹೆರಿಗೆಗೆ ಮಾತ್ರ.

ದಿನಾ ಆಸ್ಪತ್ರೆಯಲ್ಲಿ ಸರಿ ಮಾಡುವುದು, ಬೆಳಗಾದರೆ ಅದು ಮತ್ತೆ ಮುಂದೆ; ಹಾಗೆ ಹನ್ನೊಂದು ದಿನ ನಡೆಯಿತು. ಮನೆಯಲ್ಲಿ ಅತ್ತೆಯ ದೂರು ಬೇರೆ. "ಏಳರ ವಾರ್ತೆ ಏಳೂ ಇಪ್ಪತ್ತಕ್ಕೆ ಬರ್ತಿದೆಯಲ್ಲೇ! ರೇಡಿಯೋದೋರಿಗೂ ನಿದ್ದೆ ಬಿಡಲ್ವಾ?" ಎನ್ನುತ್ತಿದ್ದರು.

ಅವಳಿಗೆ ಒಳಗೊಳಗೇ ಹೆದರಿಕೆ. ಹಿರಿಯರು ನಂಬಿ ಕೊಟ್ಟ ವಸ್ತು; ಹೀಗೆ ಓಡಿ ಓಡಿ ಕೆಟ್ಟು ನಿಂತರೆ? ಶನಿವಾರ ಅರ್ಧ ದಿನದ ರಜೆಯಲ್ಲಿ ರಿಪೇರಿಯವನ ಬಳಿ ಹೋದಳು.

ಅವನು ಗಡಿಯಾರದ ಮೇಲೆ ಪುಟ್ಟ ದಿಕ್ಸೂಚಿ ಹಿಡಿದ. ಮುಳ್ಳು ಗಿರ್ರನೆ ತಿರುಗಿತು. "ಈ ಬ್ರೇಸ್‌ಲೆಟ್ ಎಲ್ಲಿಡ್ತೀರಿ ರಾತ್ರಿ?"

"ಎರಡೂ ಒಂದೇ ಡಬ್ಬೀಲಿ."

"ಅದೇ. ಇದರ ತುದೀಲಿ ಅಯಸ್ಕಾಂತ ಇದೆ. ವಾಚಿನೊಳಗಿನ ಸ್ಪ್ರಿಂಗಿಗೆ ಹತ್ತಿಬಿಟ್ಟಿದೆ, ಅದಕ್ಕೇ ಮುಂದೆ ಓಡ್ತಿದೆ. ತೊಂಬತ್ತರ ಮಾಲು ನೋಡಿ, ಕೊಟ್ಟಿದ್ದಕ್ಕಿಂತ ಜಾಸ್ತೀನೇ ಕೆಲಸ ಮಾಡಿದೆ."

"ಹಿಂಗೇ ಓಡಿದ್ರೆ ಕೆಟ್ಟುಹೋಗತ್ತಾ?"

"ವಾಚಿಗೇನಾಗಲ್ಲ. ತಪ್ಪು ಗಂಟೆ ತೋರಿಸತ್ತೆ, ಅಷ್ಟೇ."

ಹಾಗಾದರೆ ಇರಲಿ ಬಿಡಿ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಗಡಿಯಾರವನ್ನು ಅಯಸ್ಕಾಂತ ಬಿಡಿಸುವ ನೀಲಿ ಡಬ್ಬಿಯೊಂದರ ಮೇಲಿಟ್ಟು ಗುಂಡಿ ಒತ್ತಿ, ಮೆಲ್ಲಗೆ ಮೇಲೆತ್ತಿಯಾಗಿತ್ತು. ಮತ್ತೆ ದಿಕ್ಸೂಚಿ ಹಿಡಿದ. ಮುಳ್ಳು ಅಲುಗಲಿಲ್ಲ. "ದುಡ್ಡೇನೂ ಬೇಡಮ್ಮ, ಎರಡು ನಿಮಿಷದ ಕೆಲಸ. ಬ್ರೇಸ್‌ಲೆಟ್ ಇನ್ನೊಂದು ಕೈಗೆ ಹಾಕ್ಕೊಳ್ಳಿ, ಬೇರೆ ಕಡೆ ಇಡಿ."

ಸೋಮವಾರ ಬೆಳಿಗ್ಗೆ ಬ್ರೇಸ್‌ಲೆಟ್ ಬಲಗೈಗೆ ಹೋಯಿತು. ಎಡಗೈಯಲ್ಲಿ ಗಡಿಯಾರ, ಮಣಿಸರ. ಅತ್ತೆಯ ಬೆನ್ನು ಒರೆಸಿ, ರವಿಕೆ ತೊಡಿಸಿ, ದಿಂಬು ಸರಿಪಡಿಸುವಾಗ ಅವಳ ಸೊಂಟ ಹಿಡಿದುಕೊಂಡಿತು. ಹಾಗೇ ಒಂದು ಕ್ಷಣ ಮಂಚದ ಅಂಚು ಹಿಡಿದು ನಿಂತಳು.

"ಗಂಟೆ ಎಷ್ಟಾಯ್ತೇ?" ಎಂದರು ಅತ್ತೆ.

ನೋಡಿದಳು. ಸರಿಯಾಗಿ ಏಳು. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ತೊಳೆಯದೆ ಬಿದ್ದಿತ್ತು. ಒಳಗಿನಿಂದ ಗಂಡ ಕೆಮ್ಮಿದ, ಇನ್ನೇನು ಕರೆಯುತ್ತಾನೆ.

"ಏಳೂ ಇಪ್ಪತ್ತು," ಎಂದಳು.

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ತಲೆದಿಂಬಿನ ಪಕ್ಕದ ರೇಡಿಯೋ ಗಂಟಲು ಸರಿಪಡಿಸಿಕೊಂಡಿತು. "ಈಗ ಸಮಯ ಏಳು ಗಂ..." ಅತ್ತೆ ಕೈ ಚಾಚಿ ಗುಂಡಿ ತಿರುಗಿಸಿ ಅದರ ಬಾಯಿ ಕಟ್ಟಿದರು. ಸೊಸೆಯ ಮುಖ ನೋಡಲಿಲ್ಲ. ಅವಳ ಮಣಿಕಟ್ಟನ್ನು ಹಿಡಿದು, ಓರೆಯಾಗಿದ್ದ ಗಡಿಯಾರವನ್ನು ನೇರ ಮಾಡಿದರು.

"ರೇಡಿಯೋದೋರು ಇವತ್ತೂ ತಡ," ಎಂದರು. "ನೀನು ಹೊರಡು. ಪಾತ್ರೆ ನಿನ್ನ ಮಗಳು ತೊಳೀತಾಳೆ, ಎಬ್ಬಿಸ್ತೀನಿ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಆಸ್ಪತ್ರೆಯ ಬೀಗ ತೆಗೆದಾಗ ಎರಡು ಗಡಿಯಾರಗಳಲ್ಲೂ ಎಂಟೂ ಹತ್ತು. ಚಪ್ಪಲಿ ಬಿಟ್ಟು ಉದ್ದನೆಯ ಕುರ್ಚಿಯಲ್ಲಿ ಮಲಗಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಕೊಟ್ಟದ್ದು ಇನ್ನೂರೈವತ್ತು. ಸಿಕ್ಕಿದ್ದು ದಿನಕ್ಕೆ ಇಪ್ಪತ್ತು ನಿಮಿಷ.