ಬಾಗಿಲ ಬಳಿಯ ವಾಸನೆ

ಹೆರಿಗೆ ವಾರ್ಡಿನ ನಲ್ಲಿ ಒಣಗಿ ಇಪ್ಪತ್ತು ದಿನವಾಗಿತ್ತು. ಆಸ್ಪತ್ರೆ ಇರುವುದು ಸರೋವರದ ದಂಡೆಯಲ್ಲೇ. ಆದರೂ ನರ್ಸುಗಳೆಲ್ಲ ಕೈ ತೊಳೆಯಲು ಇದ್ದದ್ದು ಒಂದೇ ಬಕೆಟ್ಟು. ಅದಕ್ಕೆ ಬ್ಲೀಚಿಂಗ್ ಪುಡಿ ಕಲಸುವವಳು ಕಸ ಗುಡಿಸುವ ಫಲೇಸಿ. ಮಲಾವಿಯ ಈ ಮೂಲೆಯಲ್ಲಿ ಹದಿನಾರು ವರ್ಷದಿಂದ ಅವಳದ್ದು ಅದೇ ಕೆಲಸ.

ಪುಡಿ ಬರುತ್ತಿದ್ದದ್ದು ಸೂಪರಿಂಟೆಂಡೆಂಟ್ ಚಿಪೇಟಾ ಕೈಯಿಂದ. ಅದರಲ್ಲಿ ಮುಕ್ಕಾಲು ಪಾಲು ಅವನ ಲಾಡ್ಜಿನ ಈಜುಕೊಳಕ್ಕೆ ಹೋಗುತ್ತಿತ್ತು. ಊರಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ.

“ಬಕೆಟ್ಟಿಗೆ ಒಂದು ಚಮಚ ಸಾಕು ಕಣಮ್ಮ,” ಅನ್ನುತ್ತಿದ್ದ. “ಇನ್ಸ್‌ಪೆಕ್ಷನ್ ದಿನ ಮಾತ್ರ ಬಾಗಿಲ ಹತ್ರ ಒಂದು ಹಿಡಿ ಚೆಲ್ಲು. ವಾಸನೆ ಬಂದ್ರೆ ದೊಡ್ಡೋರಿಗೆ ಅಷ್ಟೇ ಸಾಕು.”

ಫಲೇಸಿ ಚೆಲ್ಲುತ್ತಿದ್ದಳು. ಚೆಲ್ಲದೆ ಏನು ಮಾಡಿಯಾಳು? ಬರಬರುತ್ತಾ ಆ ವಾಸನೆಯನ್ನು ಅವಳೂ ನಂಬಿಬಿಟ್ಟಳು. ಚೊಚ್ಚಲ ಹೆರಿಗೆಗೆ ಮಗಳು ಜಿಯೋನೆಯನ್ನು ಅಲ್ಲಿಗೇ ಕರೆತಂದಳು.

ಹೆಣ್ಣು ಮಗು, ಗುಂಡುಗುಂಡಗೆ ಇತ್ತು. ಮೂರನೆಯ ದಿನ ಮೊಲೆ ಕಚ್ಚಲಿಲ್ಲ. ಮೈ ಕೆಂಡದಂತೆ ಸುಟ್ಟು ಆಮೇಲೆ ಕೈಕಾಲು ತಣ್ಣಗಾದವು.

“ರಕ್ತಕ್ಕೆ ನಂಜೇರಿದೆ,” ಅಂದಳು ನರ್ಸ್ ಡೊರಿಕಾ. “ಈ ತಿಂಗಳು ಇದು ಒಂಬತ್ತನೇದು, ಫಲೇಸಕ್ಕ. ನಮ್ಮ ಕೈಯಿಂದ್ಲೇ ದಾಟ್ತಿರಬೇಕು.”

“ಕೈ ಯಾವುದ್ರಲ್ಲಿ ತೊಳ್ಕೊಂಡೆ?”

ಡೊರಿಕಾ ಬಕೆಟ್ಟಿನ ಕಡೆ ನೋಡಿದಳು.

ಐದನೆಯ ದಿನ ಬೆಳಿಗ್ಗೆ ಮಗು ಹೋಯಿತು. ಸಾವಿಗೆ ಕಾರಣವೆಂದು ಚಿಪೇಟಾ ರಿಜಿಸ್ಟರಿನಲ್ಲಿ ಬರೆದದ್ದನ್ನು ಡೊರಿಕಾ ಓದಿ ಹೇಳಿದಳು: ‘ತಾಯಿ ಕೊಳಕು.’ ಉಳಿದ ಎಂಟಕ್ಕೂ ಅದೇ ಬರೆದಿತ್ತು. ಆ ಎಂಟು ಕೂಸುಗಳ ಬಟ್ಟೆ ಮಡಚಿ ಕೊಟ್ಟವಳು ಫಲೇಸಿಯೇ. ಈಗ ವಾರ್ಡಿನಲ್ಲಿ ಯಾವ ಕೂಸು ಅತ್ತರೂ ಅವಳ ಕಿವಿಗೆ ಒಂಬತ್ತು ಅಳು ಕೇಳಿಸುತ್ತಿತ್ತು.

ಅವತ್ತೇ ಇನ್ಸ್‌ಪೆಕ್ಷನ್. ರಾಜಧಾನಿಯಿಂದ ದೊಡ್ಡ ಡಾಕ್ಟರು ಬಂದಿದ್ದರು.

“ಏನಮ್ಮ, ವಾಸನೇನೇ ಇಲ್ವಲ್ಲ?” ಚಿಪೇಟಾ ಹಲ್ಲು ಕಚ್ಚಿ ಕೇಳಿದ.

ಫಲೇಸಿ ಬಕೆಟ್ಟು ತಂದು ಡಾಕ್ಟರ ಮುಂದಿಟ್ಟಳು.

“ಇದ್ರಲ್ಲಿ ಕೈ ತೊಳ್ಕೊಳ್ಳಿ ಸಾಹೇಬ್ರೆ. ಇದ್ರಲ್ಲಿ ತೊಳ್ದ ಕೈಲೇ ನಮ್ಮ ಕೂಸುಗಳನ್ನ ಹಿಡಿದದ್ದು. ಕಲಸಿದೋಳು ನಾನು, ನನ್ನ ಹೆಸರೂ ಬರ್ಕೊಳ್ಳಿ. ಪುಡಿ ಎಲ್ಲಿಗೆ ಹೋಯ್ತು ಅಂತ ಇವ್ರನ್ನ ಕೇಳಿ.”

ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಯಾರೂ ಕೈ ಅದ್ದಲಿಲ್ಲ.

ಮಾತು ಹಿತ್ತಲಿಗೂ ಕೇಳಿಸಿತು. ಅಲ್ಲಿ ನ್ಸಿಮಾ ಮುದ್ದೆ ತೊಳಸುತ್ತಿದ್ದ ಬಾಣಂತಿಯರ ಅವ್ವಂದಿರು ಒಬ್ಬೊಬ್ಬರಾಗಿ ಬಂದು ಫಲೇಸಿಯ ಹಿಂದೆ ನಿಂತರು. ಮುದ್ದೆಕೋಲು ಕೈಯಲ್ಲೇ ಇತ್ತು. ಗೋಡೆ ಹಿಡಿದುಕೊಂಡು ಜಿಯೋನೆಯೂ ಬಂದಳು. ಕುಡಿಯುವವರಿಲ್ಲದ ಹಾಲು ಅವಳು ಹೊದ್ದ ಬಟ್ಟೆಯನ್ನು ನೆನೆಸಿತ್ತು.

“ಮೊದ್ಲು ತೊಳ್ಕೊಳ್ಳಿ,” ಅಂದಳು. “ಆಮೇಲೆ ಬರೀರಿ, ನಾನು ಕೊಳಕಿ ಅಂತ.”