ಕಲ್ಲುಹಾಸಿನ ಊರಿಗೆ ಮಣ್ಣಿನ ಪಾಠ

ಗಡಿಯಿಂದ ಗಡಿಯವರೆಗೆ ಕಲ್ಲು ಹಾಸಿಕೊಂಡ ಊರೊಂದಿತ್ತು. ಬೀದಿ, ಅಂಗಳ, ಹಿತ್ತಲು, ಎಲ್ಲವೂ ಕಲ್ಲೇ. ಎಂಥ ಮಳೆ ಬಂದರೂ ನಮ್ಮ ಕಾಲಿಗೆ ಕೆಸರಾಗದು ಎಂಬುದು ಅಲ್ಲಿಯವರ ಹೆಮ್ಮೆ. ಕಾಳುಕಡ್ಡಿ, ತರಕಾರಿ ಹೊಳೆಯಾಚೆಯಿಂದ ಗಾಡಿಯಲ್ಲಿ ಬರುತ್ತಿತ್ತು. ಒಂದು ವರ್ಷ ಸೇತುವೆ ಕೊಚ್ಚಿಹೋಗಿ ಗಾಡಿಗಳು ನಿಂತವು. ಕುಂಬಳಕಾಯಿ ಎಲ್ಲಿ ಬಿಡುತ್ತದೆ ಎಂದು ಕೇಳಿದರೆ ಮಕ್ಕಳು "ಗಾಡೀಲಿ" ಎಂದವು. ಹಸಿವಿಗಿಂತ ಆ ಮಾತೇ ಯಜಮಾನ ಸೂರಪ್ಪನವರಿಗೆ ಹೆಚ್ಚು ಚುಚ್ಚಿತು. ಹೊಳೆ ಇಳಿದದ್ದೇ ತಡ, ಆಚೆ ದಡದಿಂದ ಬೇಸಾಯ ಬಲ್ಲ ಮುದುಕಿ ನಿಂಗಾಜಮ್ಮನನ್ನು ಕರೆಸಿ, ಮಕ್ಕಳಿಗೆ ಪಾಠ ಹೇಳಬೇಕೆಂದರು.

"ಬಾಯಲ್ಲಿ ಹೇಳೋ ಪಾಠ ನನಗೆ ಬರಾಕಿಲ್ಲ ಯಜಮಾನ್ರೇ. ಒಂದು ಹಿತ್ತಲಿನ ಕಲ್ಲು ಕೀಳಿಸಿಕೊಡಿ, ಸಾಕು."

ಕಿತ್ತರು. ಅಡಿಯಲ್ಲಿದ್ದ ಮಣ್ಣು ಬೂದಿಯಂತೆ ಸತ್ತಿತ್ತು. ನಿಂಗಾಜಮ್ಮ ಮಕ್ಕಳ ಕೈಯಲ್ಲೇ ಸಗಣಿ ಕಲಸಿಸಿದಳು, ಅಡುಗೆಮನೆಯ ಸಿಪ್ಪೆ ಸುರಿಸಿದಳು, ಮೇಲೆ ತರಗೆಲೆ ಹೊದಿಸಿದಳು. ತಾಯಂದಿರು ಮೂಗು ಮುಚ್ಚಿ, "ಇದೇನು ವಿದ್ಯೆಯೋ ಹೊಲಸೋ!" ಎಂದು ಹೌಹಾರಿದರು. ಕೆಂಪಿ ಎಂಬ ಹುಡುಗಿಯಂತೂ ಮೊದಲ ಎರೆಹುಳು ಕಂಡು ಕಿಟಾರನೆ ಕಿರುಚಿದಳು.

"ಹೆದರಬ್ಯಾಡ ಕೂಸೇ, ಅದು ನಮಗಿಂತ ಮುಂಚಿನ ಒಕ್ಕಲು."

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಕೆಂಪಿ ಮಣ್ಣು ಹಿಚುಕಿ ಹದ ಹೇಳುತ್ತಿದ್ದಳು.

ಗೋಡೆಯ ಮೇಲೆ ಕುಂಬಳದ ಬಳ್ಳಿ ಕಾಯಿ ಬಿಟ್ಟ ದಿನ ಊರಿಗೆ ಊರೇ ಬಂದು ಬೆಪ್ಪಾಗಿ ನಿಂತಿತು.

"ಹೇಗೆ ಮಾಡಿದಿರಿ ತಾಯಿ?" ಎಂದರು ಸೂರಪ್ಪನವರು.

"ಮಾಡೋಕೆ ನಾನ್ಯಾವಳು? ಎಲ್ಲ ಭೂಮ್ತಾಯಿ ಮಾಡಿದ್ದು."

ಸೂರಪ್ಪನವರು ಗಲ್ಲ ಬಡಿದುಕೊಂಡರು. "ಅಪಚಾರವಾಯಿತಲ್ಲ! ಇಂಥ ಮಹಾತಾಯಿಯನ್ನು ಬಿಸಿಲು ಮಳೆಗೆ ಬಿಟ್ಟುಬಿಟ್ಟಿದ್ದೇವೆ!"

ಭಕ್ತಿಯ ಮಾತೆಂದು ನಿಂಗಾಜಮ್ಮನೂ ಕೈಮುಗಿದಳು. ಅವಳ ಲೆಕ್ಕ ಬೇರೆಯಿತ್ತು. ಒಂದು ಹಿತ್ತಲಿನಿಂದ ಊರು ಉಣ್ಣುವುದಿಲ್ಲ. ಬರುವ ಮಳೆಗೆ ಮನೆಮನೆಯ ಕಲ್ಲೂ ಕೀಳಬೇಕು. ಅಲ್ಲಿಯ ಸತ್ತ ಮಣ್ಣಿಗೆಲ್ಲ ಹಾಲಿಗೆ ಹೆಪ್ಪು ಹಾಕುವಂತೆ ಈ ಜೀವಂತ ಮಣ್ಣನ್ನು ಬೆರೆಸಬೇಕು. ಇದು ಕೆಟ್ಟರೆ ಮತ್ತೆ ಗಾಡಿಯೇ ಗತಿ. ಸಸಿ ಮಾಡಿ ತರಲೆಂದು ತನ್ನೂರಿಗೆ ಹೊರಟವಳು ಕೆಂಪಿಗೆ, "ನಾ ಬರೋಗಂಟ ತಾಯಿನ ಚೆಂದಾಗಿ ನೋಡ್ಕೋ ಮಗಾ" ಎಂದಳು.

ಬೇಸಿಗೆ ಕಳೆದು ಮೊದಲ ಮಳೆಯ ಹೊತ್ತಿಗೆ ಬದನೆ ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಬುಟ್ಟಿಯಲ್ಲಿ ಹೊತ್ತು ಬಂದಳು. ಹಿತ್ತಲಿರಲಿಲ್ಲ. ಅಲ್ಲೊಂದು ಕಲ್ಲಿನ ಗುಡಿ, ಸುತ್ತ ಮುಖ ಕಾಣುವಷ್ಟು ನಯವಾದ ಹಾಸುಗಲ್ಲು. ಒಳಗೆ ಬೆಳ್ಳಿಯ ಬಟ್ಟಲಲ್ಲಿ ಒಂದು ಹಿಡಿ ಮಣ್ಣು, ಒಣಗಿ ಬೆಳ್ಳಗಾಗಿತ್ತು. ಮಕ್ಕಳು ಸಾಲಾಗಿ ಕುಳಿತು, "ಸಗಣಿಯೇ ನಮೋ, ಸಿಪ್ಪೆಯೇ ನಮೋ, ತರಗೆಲೆಯೇ ನಮೋ" ಎಂದು ರಾಗವಾಗಿ ಒಪ್ಪಿಸುತ್ತಿದ್ದರು.

"ಮಿಕ್ಕ ಮಣ್ಣು ಎಲ್ಲಿ ಯಜಮಾನ್ರೇ?" ಎಂದಳು ನಿಂಗಾಜಮ್ಮ.

"ಒಂದು ಚೂರೂ ಹಾಳು ಮಾಡಲಿಲ್ಲ ತಾಯಿ. ಅಡಿಪಾಯಕ್ಕೆ ತುಂಬಿ, ಸುಣ್ಣ ಸುರಿದು ಗಟ್ಟಿಯಾಗಿ ದಮ್ಮಸು ಮಾಡಿಸಿದೆವು."

ಆ ಒಂದು ಹಿಡಿಯಾದರೂ ಉಳಿಯಲೆಂದು ಮುದುಕಿ ಬುಟ್ಟಿ ಎಸೆದು ಬಾಗಿಲಿಗೆ ಓಡಿದಳು. ಮಡಿಯುಟ್ಟ ಕೆಂಪಿ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಅಜ್ಜೀ, ಅಲ್ಲೇ ನಿಲ್ಲಿ! ಕೈಯೆಲ್ಲ ಮಣ್ಣಾಗಿದೆ. ತೊಳ್ಕೊಂಡು ಬನ್ನಿ."