ರೇಣುಕಮ್ಮನ ಬಾಯಿ ಕೆಂಪು

ಕಂಪ್ಲಿಯ ರೇಣುಕಮ್ಮನ ಬಾಯಿ ಕೆಂಪಗಿಲ್ಲದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಊಟ ಬಿಟ್ಟಾಳು, ಎಲೆ ಅಡಿಕೆ ಬಿಡಳು. ಮಂಚದ ಕೆಳಗೆ ಬೂದಿ ಹಾಕಿದ ಉಗುಳುವ ಡಬ್ಬಿ. ಅದನ್ನು ತೊಳೆಯುವ ಕೆಲಸ ಸೊಸೆ ಸುಕನ್ಯಾಳ ಪಾಲಿಗೆ ಬಂದ ಪಂಚಾಮೃತ. ದಿನವೂ ಮುಖ ಆಚೆ ತಿರುಗಿಸಿಕೊಂಡೇ ತೊಳೆಯುತ್ತಿದ್ದಳು.

ರೇಣುಕಮ್ಮನಿಗೆ ಡೆಂಗಿ ಜ್ವರ ಬಂದಾಗ ಊರಿನ ಡಾಕ್ಟರು ಎಲೆ ಮುಟ್ಟಬೇಡಿ ಎಂದಿದ್ದರು. ಜ್ವರವೇನೋ ಇಳಿಯಿತು. ಗಂಡ ಗಾಳೆಪ್ಪ ದೇವರಿಗೆ ಕೈಮುಗಿದು ನಿರಾಳವಾಗಿ ಗದ್ದೆಗೆ ಹೋದ. ಮರುದಿನ ಡಬ್ಬಿ ಮತ್ತೆ ಕೆಂಪಾಗಿತ್ತು.

“ಜ್ವರ ಬಿಟ್ಟಿದ್ದೇ ತಡ, ಕದ್ದು ಎಲಿ ಹಾಕ್ಕಂಡೀರೇನ್ರಿ ಅತ್ತಿ?”

“ಇಲ್ಲವ್ವ, ನಾ ಮುಟ್ಟೇ ಇಲ್ಲ.”

ಗಾಳೆಪ್ಪ ನಕ್ಕ. “ಸುಮ್ನಿರಲೇ, ನಿನ್ನ ಬಾಯೇ ಸಾಕ್ಷಿ ಹೇಳಾಕತ್ತೈತಿ.”

ಮದುವೆ ಮನೆಗಳಲ್ಲಿ ತಾಂಬೂಲದ ತಟ್ಟೆಗೇ ಕೈಹಾಕಿ ಸಿಕ್ಕಿಬಿದ್ದವಳು. ಅವಳ ಮಾತಿಗೆ ಎಷ್ಟು ಬೆಲೆ? ರೇಣುಕಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಹಟ ಎಂದುಕೊಂಡರು. ಅವಳಿಗೆ ಮಾತಾಡಲು ತ್ರಾಣವಿರಲಿಲ್ಲ.

ಸುಳ್ಳನ್ನು ಹಿಡಿದೇ ಬಿಡಬೇಕೆಂದು ಸುಕನ್ಯಾ ಎಲೆ ಸಂಚಿ ಬಿಚ್ಚಿದಳು. ಎಲೆಗಳು ಹಳದಿಯಾಗಿ ಕೊಳೆತು ಒಂದಕ್ಕೊಂದು ಅಂಟಿದ್ದವು. ಸುಣ್ಣ ಕಲ್ಲಾಗಿತ್ತು. ಓಡಿಹೋಗಿ ಅತ್ತೆಯನ್ನು ಎಬ್ಬಿಸಿದರೆ, ಸೀರೆ ಸರಿದ ಕಾಲ ತುಂಬ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಅವಳು ಮಾವನನ್ನು ಕೂಗಿ ಕರೆದಳು.

ಹೊಸಪೇಟೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ ಒಂಬತ್ತು ಸಾವಿರಕ್ಕೆ ಇಳಿದಿತ್ತು.

“ಜ್ವರ ಹೋಗೇತಲ್ರಿ?” ಎಂದ ಗಾಳೆಪ್ಪ.

“ಜ್ವರ ಇಳಿಯೋ ಹೊತ್ತಿಗೇ ಇದು ಭಾಳ ಬೀಳೋದು,” ಎಂದರು ಅಲ್ಲಿನ ಡಾಕ್ಟರು. “ಕಾಲುವಿ ಒಡ್ಡು ಒಡದ್ರ ಮಣ್ಣಿನ ಚೀಲ ಹಾಕೋರು ಬೇಕಲ್ಲ? ರಕ್ತದಾಗ ಆ ಕೆಲಸ ಪ್ಲೇಟ್‌ಲೆಟ್‌ದು. ಅವು ಕಮ್ಮಿ ಆದ್ರ ವಸಡಿನಾಗ, ಹೊಟ್ಟ್ಯಾಗ, ಎಲ್ಲಿ ಬೇಕಾದ್ರೂ ಸೋರತೈತಿ. ಬಾಯಾಗ ರಕ್ತ ಬಂದಿದ್ದು ಯಾರೂ ನೋಡ್ಲಿಲ್ಲೇನು?”

ಗಾಳೆಪ್ಪ, ಸುಕನ್ಯಾ ಇಬ್ಬರೂ ನೋಡಿದ್ದರು. ಎಲೆಯ ಕೆಂಪು ಎಂದುಕೊಂಡಿದ್ದರು.

ಪ್ಲೇಟ್‌ಲೆಟ್ ಚೀಲಗಳು ಹನಿಹನಿಯಾಗಿ ಮೈಗೆ ಇಳಿದವು, ಲೆಕ್ಕ ಏರಿತು, ರೇಣುಕಮ್ಮ ಬದುಕಿ ಮನೆಗೆ ಬಂದಳು. ಮೈ ಚೇತರಿಸಿಕೊಂಡ ದಿನವೇ ಎಲೆ ಬೇಡಿದಳು. ಹುಟ್ಟುಗುಣ ಸುಟ್ಟರೂ ಹೋಗದು. ಸುಕನ್ಯಾ ಮರುಮಾತಾಡದೆ ಹೊಸ ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು.

ಅತ್ತೆ ಅಗಿದು ಉಗುಳಿ, ಡಬ್ಬಿಯನ್ನು ಸೊಸೆಯ ಕಡೆ ಸರಿಸಿದಳು. “ಇದು ಎಲಿದೇ ಐತಿ. ನನ್ನ ಮಾತು ನಂಬಬ್ಯಾಡ, ನೋಡ್ಕ್ಯಾ.”

ಸುಕನ್ಯಾ ಮುಖ ತಿರುಗಿಸಲಿಲ್ಲ. ಡಬ್ಬಿಯನ್ನು ಬಾಗಿಲ ಬೆಳಕಿಗೆ ಒಯ್ದು, ಬಗ್ಗಿ ನೋಡಿದಳು.